ಸೌದೆ ಕೊಯ್ಯಲು ಎಷ್ಟು ದೊಡ್ಡ ಚೈನ್ ಸಾ ಬೇಕು?

ಮಲೆನಾಡಿನಲ್ಲಿ ಅಡಿಕೆ ಸುಗ್ಗಿ ಮುಗಿದು ಬಿಸಿಲು ಬಲಿಯುತ್ತಿದ್ದಂತೆ ಸೌದೆಯ ಕೆಲಸ ಶುರುವಾಗುತ್ತದೆ. ಮಳೆಗಾಲ ಪೂರ್ತಿ ಬಚ್ಚಲ ಹಂಡೆ ಕಾಯಬೇಕು, ಮುಂದಿನ ಸುಗ್ಗಿಗೆ ಅಡಿಕೆ ಬೇಯಿಸುವ ಒಲೆಗೂ ಒಣ ಕಟ್ಟಿಗೆ ಬೇಕು. ಕೊಡಲಿ ಹಿಡಿಯುವ ಆಳು ಸಿಗುವುದಿಲ್ಲ, ಸಿಕ್ಕರೂ ದಿಮ್ಮಿ ತುಂಡು ಮಾಡಲು ಒಪ್ಪುವುದಿಲ್ಲ. ಹಾಗಾಗಿ ಮನೆಮನೆಗೂ ಚೈನ್ ಸಾ ಬಂದಿದೆ. ಹೆಚ್ಚಿನವರ ಹತ್ತಿರ ಇರುವುದು ಮೂವತ್ತು ಸಿ.ಸಿ. ಆಸುಪಾಸಿನ ಸಣ್ಣ ಮಿಷನ್. ನೆರಳು ಮರದ ಕೊಂಬೆ ಸವರಲೆಂದು ಕೊಂಡದ್ದು ಅದು. ಅದರಿಂದ ಅಕೇಶಿಯಾದ ಬೊಡ್ಡೆ, ಮಳೆಗೆ ಬಿದ್ದ ಹಲಸಿನ ಮರ ಕೊಯ್ಯಲು ಹೊರಟಾಗ ಮಿಷನ್ ಗೊರಗುಟ್ಟುತ್ತದೆ, ಹೊಗೆ ಬರುತ್ತದೆ, ಕೈ ಸೋಲುತ್ತದೆ. "ಇದಕ್ಕಿಂತ ದೊಡ್ಡದು ಯಾವುದು ತಗೊಳ್ಳಲಿ?" ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿ.

ಈ ಲೇಖನ ಆ ಪ್ರಶ್ನೆ ಕೇಳುವವರಿಗಾಗಿ. ಮಿಷನ್ನಿನ ಒಳಗೇನಿದೆ ಎಂದು ಇದುವರೆಗೆ ನೋಡದವರೂ ಇದನ್ನು ಓದಬಹುದು. ದೊಡ್ಡ ಮಿಷನ್ ಕೊಳ್ಳಬೇಡಿ ಎನ್ನುವುದು ನನ್ನ ಉದ್ದೇಶವಲ್ಲ. ಸರಿಯಾದ ಕಾರಣಕ್ಕೆ, ಸರಿಯಾದ ಅಳತೆಯದನ್ನು ಕೊಳ್ಳಿ ಎನ್ನುವುದಷ್ಟೇ. ಅಂಗಡಿಗೆ ಹೋಗುವ ಮೊದಲು ನಿಮ್ಮ ಈಗಿನ ಮಿಷನ್ನಿನ ಹತ್ತಿರ ಒಂದು ಸಣ್ಣ ಪರೀಕ್ಷೆ ಆಗಬೇಕು.

ಒಂದು ದಿಮ್ಮಿ ಕೊಯ್ಯಿರಿ. ಮಿಷನ್ ಆಫ್ ಮಾಡಿ, ಕೆಳಗೆ ಬಿದ್ದ ಹೊಟ್ಟನ್ನು ಅಂಗೈಯಲ್ಲಿ ತೆಗೆದುಕೊಂಡು ನೋಡಿ. ಅದು ಅವಲಕ್ಕಿಯಷ್ಟು ಅಗಲದ ಚಕ್ಕೆಗಳಾಗಿ, ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿದ್ದರೆ ಚೈನ್ ಹರಿತವಾಗಿದೆ. ಮೈದಾದಂತೆ ನುಣುಪಾದ ಪುಡಿಯಾಗಿದ್ದರೆ ಹಲ್ಲು ಮೊಂಡಾಗಿದೆ. ಹಸಿಮರದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಚೆನ್ನಾಗಿ ಒಣಗಿದ ಮರದಲ್ಲಿ ಹರಿತ ಚೈನೂ ಸ್ವಲ್ಪ ಸಣ್ಣ ಚಕ್ಕೆಯನ್ನೇ ಕೊಡುತ್ತದೆ, ಆದರೆ ಪುಡಿಯನ್ನಲ್ಲ. ಇನ್ನೂ ಎರಡು ಗುರುತುಗಳಿವೆ. ಹರಿತವಾದ ಚೈನ್ ಇದ್ದರೆ ಮಿಷನ್ ತನ್ನ ಭಾರಕ್ಕೇ ಮರದೊಳಗೆ ಇಳಿಯುತ್ತದೆ, ನೀವು ಒತ್ತಬೇಕಾಗಿಲ್ಲ. ಒತ್ತಿದರೆ ಮಾತ್ರ ಇಳಿಯುವುದಾದರೆ ಹಲ್ಲು ಹೋಗಿದೆ. ಕೊಯ್ತ ನೇರವಾಗಿ ಹೋಗದೆ ಒಂದು ಬದಿಗೆ ವಾಲುತ್ತಿದ್ದರೆ, ಒಂದು ಕಡೆಯ ಹಲ್ಲುಗಳು ಇನ್ನೊಂದು ಕಡೆಯವಕ್ಕಿಂತ ಮೊಂಡು ಅಥವಾ ಗಿಡ್ಡ.

ಈ ಪರೀಕ್ಷೆಯನ್ನು ಮೊದಲು ಹೇಳಲು ಕಾರಣವಿದೆ. ಶಕ್ತಿ ಸಾಲದು ಎಂದು ಬರುವ ಮಿಷನ್‌ಗಳಲ್ಲಿ ಎಷ್ಟೋ ನಿಜವಾಗಿ ಹರಿತ ಸಾಲದವು. ಮೊಂಡು ಚೈನನ್ನು ಎಪ್ಪತ್ತು ಸಿ.ಸಿ. ಎಂಜಿನ್‌ಗೆ ಹಾಕಿದರೂ ಅದು ಮರವನ್ನು ಕೊಯ್ಯುವುದಿಲ್ಲ, ಉಜ್ಜುತ್ತದೆ. ಬಾರ್ ಕಾದು ನೀಲಿಗಟ್ಟುತ್ತದೆ, ಪೆಟ್ರೋಲ್ ಸುಡುತ್ತದೆ, ಕೆಲಸ ಮಾತ್ರ ಮುಂದೆ ಸಾಗುವುದಿಲ್ಲ.

ಹಲ್ಲು ಹೇಗೆ ಕೆಲಸ ಮಾಡುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಎರಡನೇ ಮಹಾಯುದ್ಧದ ಕಾಲದವರೆಗೂ ಚೈನ್ ಸಾದ ಹಲ್ಲುಗಳು ಕೈಗರಗಸದಂತೆ ಚೂಪಾಗಿ ಗೀಚುವಂಥವು. ಬೇಗ ಮೊಂಡಾಗುತ್ತಿದ್ದವು, ಅರ ಹಾಕುವುದೂ ಕಷ್ಟ. 1946ರಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಜೋಸೆಫ್ ಬ್ಯೂಫೋರ್ಡ್ ಕಾಕ್ಸ್ ಎಂಬ ಮರಕಡಿಯುವವ ಒಂದು ಕೊರಡಿನೊಳಗೆ ಮರ ಕೊರೆಯುವ ಹುಳವನ್ನು ಕಂಡ. ತೋರುಬೆರಳಿನ ಗಾತ್ರದ ಆ ಮರಿಹುಳ ಗಟ್ಟಿ ಮರವನ್ನು ಎಳೆಯ ಉದ್ದಕ್ಕೂ, ಎಳೆಗೆ ಅಡ್ಡಲಾಗಿಯೂ ಸಲೀಸಾಗಿ ತಿಂದುಕೊಂಡು ಹೋಗುತ್ತಿತ್ತು. ಅದರ ಬಾಯಲ್ಲಿ ಎಡಕ್ಕೊಂದು ಬಲಕ್ಕೊಂದು ಬಾಗಿದ ದವಡೆ. ಕಾಕ್ಸ್ ಅದೇ ಆಕಾರವನ್ನು ಉಕ್ಕಿನಲ್ಲಿ ಮಾಡಿ, ಒಂದು ಎಡಗಡೆಯ ಹಲ್ಲು, ಒಂದು ಬಲಗಡೆಯ ಹಲ್ಲು ಬರುವಂತೆ ಚೈನ್ ಕಟ್ಟಿದ. 1947ರಲ್ಲಿ ಅದು ಮಾರುಕಟ್ಟೆಗೆ ಬಂತು. ಇವತ್ತು ನಿಮ್ಮ ಮಿಷನ್ನಿನಲ್ಲಿರುವುದು ಆ ಚೈನಿನ ಸಂತತಿಯೇ.

ಚೈನಿನ ಒಂದು ಹಲ್ಲನ್ನು ಹತ್ತಿರದಿಂದ ನೋಡಿ. ಹಿಂದುಗಡೆ ಕತ್ತರಿಸುವ ಅಂಚು, ಅದರ ಮುಂದೆ ಶಾರ್ಕ್ ಮೀನಿನ ರೆಕ್ಕೆಯ ಹಾಗೆ ಎದ್ದಿರುವ ಒಂದು ಗೂಟ. ಬಡಗಿಯ ಕೀಸುಳಿಯಲ್ಲಿ ಅಲಗು ಎಷ್ಟು ಹೊರಗೆ ಚಾಚಿದೆ ಎಂಬುದರ ಮೇಲೆ ಸಿಪ್ಪೆಯ ದಪ್ಪ ನಿಂತಿರುವಂತೆ, ಇಲ್ಲಿ ಅಂಚಿಗಿಂತ ಗೂಟ ಎಷ್ಟು ತಗ್ಗಿದೆ ಎಂಬುದರ ಮೇಲೆ ಚಕ್ಕೆಯ ದಪ್ಪ ನಿಂತಿದೆ. ಸಾಮಾನ್ಯ ಚೈನಿನಲ್ಲಿ ಆ ತಗ್ಗು ಸುಮಾರು 0.65 ಮಿಲಿಮೀಟರ್. ಹಲ್ಲನ್ನು ಅರದಿಂದ ಉಜ್ಜುತ್ತಾ ಹೋದಂತೆ ಅಂಚು ಕೆಳಗಿಳಿಯುತ್ತದೆ, ಗೂಟ ಹಾಗೇ ಉಳಿಯುತ್ತದೆ. ಕೊನೆಗೊಂದು ದಿನ ಅಂಚು ಎಷ್ಟೇ ಹರಿತವಾಗಿದ್ದರೂ ಮರವನ್ನು ಮುಟ್ಟುವುದೇ ಇಲ್ಲ. "ಅರ ಹಾಕಿದರೂ ಕೊಯ್ಯುವುದಿಲ್ಲ" ಎನ್ನುವವರ ಚೈನಿನಲ್ಲಿ ಬಹುಪಾಲು ಇದೇ ತೊಂದರೆ. ನಾಲ್ಕೈದು ಸಲ ಅರ ಹಾಕಿದ ಮೇಲೆ ಗೂಟವನ್ನೂ ಚಪ್ಪಟೆ ಅರದಿಂದ ಅಳತೆಗೆ ಇಳಿಸಬೇಕು. ಅದಕ್ಕೆಂದೇ ಒಂದು ಸಣ್ಣ ತಗಡಿನ ಗೇಜು ಸಿಗುತ್ತದೆ, ಚೈನಿನ ಮೇಲಿಟ್ಟು ಹೊರಗೆ ಕಂಡಷ್ಟನ್ನು ಉಜ್ಜಿದರಾಯಿತು. ಹೆಚ್ಚು ಇಳಿಸುವ ಆಸೆಗೆ ಬೀಳಬೇಡಿ. ಗೂಟ ತೀರ ತಗ್ಗಾದರೆ ಹಲ್ಲು ಮರವನ್ನು ಅತಿಯಾಗಿ ಕಚ್ಚಿ, ಮಿಷನ್ ಜಗ್ಗುತ್ತದೆ, ಬಾರ್ ತಿರುಗಿ ಎಗರುವ ಅಪಾಯವೂ ಹೆಚ್ಚುತ್ತದೆ.

ಗುಂಡು ಅರದ ದಪ್ಪ ಚೈನಿಗೆ ಹೊಂದಬೇಕು. ಸಣ್ಣ ಮಿಷನ್‌ಗಳ ಗಿಡ್ಡ 3/8 ಚೈನಿಗೆ 4 ಮಿಲಿಮೀಟರ್, ನಡುಗಾತ್ರದವುಗಳ .325 ಚೈನಿಗೆ 4.8, ದೊಡ್ಡ ಮಿಷನ್‌ಗಳ 3/8 ಚೈನಿಗೆ ಕಂಪನಿಯ ಪ್ರಕಾರ 5.2 ಅಥವಾ 5.5. ಹಲ್ಲಿನ ಮೇಲೆ ಕೊರೆದಿರುವ ಗೆರೆಯನ್ನು ಅನುಸರಿಸಿ, ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ತಳ್ಳಬೇಕು. ವಾಪಸ್ ಎಳೆಯುವಾಗ ಅರ ಹಲ್ಲನ್ನು ಮುಟ್ಟಬಾರದು. ಒಂದು ಹಲ್ಲಿಗೆ ಮೂರು ತಳ್ಳು ಎಂದರೆ ಎಲ್ಲ ಹಲ್ಲಿಗೂ ಮೂರೇ. ಪ್ರತಿ ಸಲ ಪೆಟ್ರೋಲ್ ತುಂಬಿಸುವಾಗ ಇದನ್ನು ಮಾಡುವವರ ಮಿಷನ್, ವಾರಕ್ಕೊಮ್ಮೆ ಮಾಡುವವರ ಎರಡು ಪಟ್ಟು ದೊಡ್ಡ ಮಿಷನ್ನಿಗೆ ಸರಿಸಮ ಕೆಲಸ ಮಾಡುವುದನ್ನು ನೀವೇ ನೋಡುತ್ತೀರಿ.

ನಮ್ಮ ಕಡೆ ಚೈನ್ ಇಷ್ಟು ಬೇಗ ಮೊಂಡಾಗುವುದಕ್ಕೆ ಕಾರಣ ಮಣ್ಣು. ನೆಲಕ್ಕೆ ಬಿದ್ದ ದಿಮ್ಮಿಯ ತೊಗಟೆಯಲ್ಲಿ ಜಂಬಿಟ್ಟಿಗೆಯ ಕೆಂಪು ಹರಳು ಕೂತಿರುತ್ತದೆ. ಬಾರಿನ ತುದಿ ಒಂದು ಕ್ಷಣ ನೆಲ ಮುಟ್ಟಿದರೆ ಸಾಕು, ಬೆಳಗ್ಗೆ ಹಾಕಿದ ಅರ ಅಲ್ಲಿಗೆ ಮುಗಿಯಿತು. ದಿಮ್ಮಿಯನ್ನು ಅಡ್ಡಕೊರಡಿನ ಮೇಲೆ ಎತ್ತಿಟ್ಟು ಕೊಯ್ಯುವುದು, ಇಲ್ಲವಾದರೆ ಮುಕ್ಕಾಲು ಕೊಯ್ದು, ಉರುಳಿಸಿ, ಉಳಿದದ್ದನ್ನು ಮೇಲಿನಿಂದ ಮುಗಿಸುವುದು ಒಳ್ಳೆಯ ಅಭ್ಯಾಸ. ತೆಂಗಿನ ಮರವಂತೂ ಶುದ್ಧವಾಗಿದ್ದರೂ ಹಲ್ಲನ್ನು ತಿನ್ನುತ್ತದೆ. ಹೊರಸುತ್ತಿನ ಕಪ್ಪು ನಾರು ಅಷ್ಟು ಒರಟು.

ಚೈನ್ ಹರಿತವಾಗಿದೆ, ಗೂಟ ಅಳತೆಯಲ್ಲಿದೆ, ಏರ್ ಫಿಲ್ಟರ್ ತೊಳೆದಿದೆ, ಸೈಲೆನ್ಸರಿನ ಜಾಲರಿಯಲ್ಲಿ ಕರಿ ಕಟ್ಟಿಲ್ಲ. ಆದರೂ ಹನ್ನೆರಡು ಇಂಚಿನ ಅಕೇಶಿಯಾದಲ್ಲಿ ಮಿಷನ್ ಅರ್ಧಕ್ಕೆ ನಿಂತುಹೋಗುತ್ತದೆ. ಹಾಗಾದರೆ ಈಗ ಶಕ್ತಿಯ ಮಾತಾಡೋಣ.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಸಿ.ಸಿ. ಅದು ಸಿಲಿಂಡರಿನ ಒಳಗಿನ ಜಾಗದ ಅಳತೆ, ಶಕ್ತಿಯ ಅಳತೆಯಲ್ಲ. ಶಕ್ತಿಯ ಅಳತೆ ಕಿಲೋವ್ಯಾಟ್, ಅಥವಾ ಎಚ್‌ಪಿ. ಒಂದು ಎಚ್‌ಪಿ ಎಂದರೆ ಮುಕ್ಕಾಲು ಕಿಲೋವ್ಯಾಟಿಗೆ ಹತ್ತಿರ. ಇವೆರಡರ ನಡುವಿನ ವ್ಯತ್ಯಾಸಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಹಸ್ಕ್‌ವರ್ನಾ 450 ಮತ್ತು ಸ್ಟಿಲ್ ಎಂಎಸ್ 261, ಎರಡೂ 50.2 ಸಿ.ಸಿ. ಮೊದಲನೆಯದು ಕೊಡುವುದು 2.4 ಕಿಲೋವ್ಯಾಟ್, ಎರಡನೆಯದು 3 ಕಿಲೋವ್ಯಾಟ್. ಮೊದಲನೆಯದು ಮನೆ, ತೋಟದ ಬಳಕೆಗೆ ಮಾಡಿದ್ದು. ಎರಡನೆಯದು ದಿನವಿಡೀ ಮರದ ಕೆಲಸ ಮಾಡುವವರಿಗೆ ಮಾಡಿದ್ದು. ಒಂದೇ ಗಾತ್ರದ ಸಿಲಿಂಡರಿನಿಂದ ಕಾಲುಪಾಲು ಹೆಚ್ಚು ಶಕ್ತಿ. ಇನ್ನೊಂದು ಕಡೆ, ಆನ್‌ಲೈನಿನಲ್ಲೂ ಪೇಟೆಯಲ್ಲೂ ಎಲ್ಲೆಡೆ ಕಾಣುವ 58 ಸಿ.ಸಿ.ಯ ಅಗ್ಗದ ಚೀನೀ ಮಿಷನ್‌ಗಳ ಶಕ್ತಿ ಸಾಮಾನ್ಯವಾಗಿ ಒಳ್ಳೆಯ ಕಂಪನಿಯ 45–50 ಸಿ.ಸಿ. ಮಿಷನ್ನಿನ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ಅಂಗಡಿಯವರು ಸಿ.ಸಿ. ಹೇಳಿದಾಗ, "ಕಿಲೋವ್ಯಾಟ್ ಎಷ್ಟು, ತೂಕ ಎಷ್ಟು?" ಎಂದು ಕೇಳಿ. ಪುಸ್ತಕದಲ್ಲಿ ಬರೆದದ್ದನ್ನು ತೋರಿಸಲು ಹೇಳಿ.

ತೂಕವನ್ನು ಕೇಳಬೇಕಾದ್ದು ಯಾಕೆಂದರೆ, ದೊಡ್ಡ ಮಿಷನ್ ಕೊಡುವ ಲಾಭವನ್ನು ನಿಮ್ಮ ಸೊಂಟ ತೂಗಿ ನೋಡುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಸ್ಟಿಲ್ ಕಂಪನಿಯ ಮೂರು ಮಿಷನ್‌ಗಳನ್ನು ಅಕ್ಕಪಕ್ಕ ಇಡೋಣ. ಎಂಎಸ್ 180 ಸುಮಾರು 32 ಸಿ.ಸಿ., ಶಕ್ತಿ 1.4 ಕಿಲೋವ್ಯಾಟ್, ಬಾರ್ ಚೈನ್ ಇಲ್ಲದೆ ತೂಕ ನಾಲ್ಕು ಕೆ.ಜಿ. ಆಸುಪಾಸು. ಎಂಎಸ್ 250 ಎಂದರೆ 45.4 ಸಿ.ಸಿ., 2.3 ಕಿಲೋವ್ಯಾಟ್, 4.6 ಕೆ.ಜಿ. ಎಂಎಸ್ 382 ಎಂದರೆ 72.2 ಸಿ.ಸಿ., 3.9 ಕಿಲೋವ್ಯಾಟ್, 6.2 ಕೆ.ಜಿ. ಮೊದಲನೆಯದರಿಂದ ಎರಡನೆಯದಕ್ಕೆ ಹೋದರೆ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ತೂಕ ಹೆಚ್ಚುವುದು ಬರೀ ಅರ್ಧ ಕಿಲೋ ಮೇಲೆ ಸ್ವಲ್ಪ. ಎರಡನೆಯದರಿಂದ ಮೂರನೆಯದಕ್ಕೆ ಹೋದರೂ ಶಕ್ತಿ ಅಷ್ಟೇ ಪಟ್ಟು ಏರುತ್ತದೆ, ಆದರೆ ತೂಕ ಒಂದೂವರೆ ಕಿಲೋ ದಾಟುತ್ತದೆ. ಅದರ ಮೇಲೆ ಉದ್ದದ ಬಾರ್, ದಪ್ಪ ಚೈನ್, ತುಂಬಿದ ಪೆಟ್ರೋಲ್, ತುಂಬಿದ ಚೈನ್ ಆಯಿಲ್ ಸೇರಿಸಿ. ಕೈಯಲ್ಲಿ ಎಂಟು ಕೆ.ಜಿ. ದಾಟುತ್ತದೆ.

ಸಣ್ಣ ಮಿಷನ್ ಇರುವವರು ಒಂದೇ ಮೆಟ್ಟಿಲು ಹತ್ತಬೇಕು ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ. ಮನೆಯ ಸೌದೆಗೆ 45ರಿಂದ 50 ಸಿ.ಸಿ., 2.3ರಿಂದ 3 ಕಿಲೋವ್ಯಾಟ್ ಸಾಕು ಮಾತ್ರವಲ್ಲ, ಅದೇ ಸರಿಯಾದ ಜಾಗ.

ಇಲ್ಲಿ ಒಂದು ಅಡ್ಡಮಾತು. ಮನುಷ್ಯ ದಿನವಿಡೀ ದುಡಿಯುವಾಗ ನಿರಂತರವಾಗಿ ಕೊಡಬಲ್ಲ ಶಕ್ತಿ ಸುಮಾರು 75 ವ್ಯಾಟ್. ನೀವು ಸಾಲದು ಎನ್ನುವ ಆ ಸಣ್ಣ ಮಿಷನ್ನಿನ 1.4 ಕಿಲೋವ್ಯಾಟ್ ಹದಿನೆಂಟು ಜನರ ದುಡಿಮೆ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1929ರಲ್ಲಿ ತಂದ ಪೆಟ್ರೋಲ್ ಚೈನ್ ಸಾ 6 ಎಚ್‌ಪಿಯದು. ಅದರ ತೂಕ 46 ಕೆ.ಜಿ., ಹಿಡಿಯಲು ಇಬ್ಬರು ಬೇಕು. ಅದೇ ಕಂಪನಿಯ ಇಂದಿನ ಎಂಎಸ್ 462 ಅಷ್ಟೇ ಶಕ್ತಿಯನ್ನು 6 ಕೆ.ಜಿ.ಯಲ್ಲಿ ಕೊಡುತ್ತದೆ. ಕೈಗೆ ಬಂದಿರುವುದು ಎಂಥ ಸಾಮರ್ಥ್ಯ ಎಂಬ ಅರಿವು ಇರಲಿ ಎಂದು ಇದನ್ನು ಹೇಳಿದೆ.

ಈಗ ಮರದ ಕಡೆಯಿಂದ ನೋಡೋಣ. ಚೈನ್ ಮರದಲ್ಲಿ ಕಾಲಿಂಚು ಅಗಲದ ಒಂದು ಸೀಳು ಮಾಡುತ್ತದೆ. ಆ ಸೀಳಿನಲ್ಲಿದ್ದ ಮರವೆಲ್ಲ ಹೊಟ್ಟಾಗಿ ಹೊರಗೆ ಬರಬೇಕು. ಎಂಟು ಇಂಚು ದಪ್ಪದ ಕೊಂಬೆಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 50 ಚದರ ಇಂಚು. ಹದಿನಾರು ಇಂಚಿನ ದಿಮ್ಮಿಯದು 100 ಅಲ್ಲ, 200. ದಪ್ಪ ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟು. ಸಣ್ಣ ಮಿಷನ್ ಕೊಂಬೆಯಲ್ಲಿ ಚುರುಕಾಗಿದ್ದು ಬೊಡ್ಡೆಯಲ್ಲಿ ಒದ್ದಾಡುವುದು ಇದಕ್ಕೇ. ಜೊತೆಗೆ ದಪ್ಪ ದಿಮ್ಮಿಯಲ್ಲಿ ಒಂದೇ ಹೊತ್ತಿಗೆ ಹೆಚ್ಚು ಹಲ್ಲುಗಳು ಮರ ಕಚ್ಚಿರುತ್ತವೆ, ಎಂಜಿನ್ ಅವೆಲ್ಲವನ್ನೂ ಎಳೆಯಬೇಕು. ಪೂರ್ತಿ ವೇಗದಲ್ಲಿ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್, ಎಂದರೆ ಗಂಟೆಗೆ 72 ಕಿಲೋಮೀಟರ್ ಓಡುತ್ತದೆ. ಮರ ಕಚ್ಚಿದಾಗಲೂ ಆ ವೇಗ ಬಹಳ ಕುಸಿಯದಂತೆ ಹಿಡಿದಿಡುವುದೇ ಎಂಜಿನ್ನಿನ ಶಕ್ತಿ.

ಹಾಗಾಗಿ ಕೊಳ್ಳುವ ಮೊದಲು ನಿಮ್ಮ ಸೌದೆ ಯಾವುದು ಎಂದು ಕೇಳಿಕೊಳ್ಳಿ. ಅತಿ ದೊಡ್ಡ ದಿಮ್ಮಿ ಯಾವುದು ಎಂದಲ್ಲ, ವರ್ಷಕ್ಕೆ ಬೇಕಾದ ಸೌದೆಯಲ್ಲಿ ಮುಕ್ಕಾಲು ಪಾಲು ಎಷ್ಟು ದಪ್ಪದ್ದು ಎಂದು. ಶಿವಮೊಗ್ಗ, ಉತ್ತರ ಕನ್ನಡದ ಕಡೆ ಅದು ಹೆಚ್ಚಾಗಿ ಅಕೇಶಿಯಾ, ಆರರಿಂದ ಹನ್ನೆರಡು ಇಂಚು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮತ್ತು ನೆರಳು ಮರದ ಕೊಂಬೆ. ಕರಾವಳಿಯಲ್ಲಿ ಹಳೆಯ ರಬ್ಬರ್, ಗೇರು, ಮಾವು. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ, ಹುಣಸೆ. ಸಿಲ್ವರ್ ಓಕ್, ರಬ್ಬರ್ ಮೆತ್ತಗೆ. ಒಣಗಿದ ಗಾಳಿ ಮರ, ಹುಣಸೆ, ಮತ್ತಿ ಕಬ್ಬಿಣದ ಹಾಗೆ. ಅದೇ ದಪ್ಪಕ್ಕೆ ಒಂದು ಮೆಟ್ಟಿಲು ಹೆಚ್ಚು ಶಕ್ತಿ ಕೇಳುತ್ತವೆ. ಅಕೇಶಿಯಾ ಹಸಿ ಇದ್ದಾಗ ಸುಲಭ, ವರ್ಷ ಒಣಗಿದ ಮೇಲೆ ಹಟಮಾರಿ. ಕಡಿದ ತಿಂಗಳೊಳಗೆ ತುಂಡು ಮಾಡಿ ಒಣಗಲು ಪೇರಿಸಿದರೆ ಅರ್ಧ ಶಕ್ತಿ ಉಳಿದಂತೆ. ತುಂಡಾದ ಸೌದೆ ಬೇಗ ಒಣಗುವುದೂ ಹೌದು.

ವರ್ಷಕ್ಕೊಮ್ಮೆ ಗಾಳಿಗೆ ಬೀಳುವ ಮೂರಡಿ ದಪ್ಪದ ಹಲಸಿಗಾಗಿ ಎಪ್ಪತ್ತು ಸಿ.ಸಿ. ಕೊಂಡು, ಉಳಿದ ದಿನವೆಲ್ಲ ಅದನ್ನು ಕೊಂಬೆಗೆ ಹಿಡಿದು ಸುಸ್ತಾಗುವುದು ಸರಿಯಾದ ಲೆಕ್ಕವಲ್ಲ. ಆ ಒಂದು ದಿನಕ್ಕೆ ಮಿಷನ್ ಇರುವವರನ್ನು ಕರೆಸಿ, ಬಾಡಿಗೆ ಕೊಡಿ. ಆದರೆ ಸೌದೆ ಕೊಯ್ಯುವುದೇ ನಿಮ್ಮ ಕಸುಬಾಗಿದ್ದರೆ, ದಿನಾ ಹದಿನೆಂಟು ಇಂಚು ಮೇಲ್ಪಟ್ಟ ದಿಮ್ಮಿ ಸಿಗುವುದಾದರೆ, 60ರಿಂದ 72 ಸಿ.ಸಿ.ಯ ವೃತ್ತಿಪರ ಮಿಷನ್ ತನ್ನ ಬೆಲೆಯನ್ನು ದುಡಿದು ಕೊಡುತ್ತದೆ. ಅದಕ್ಕಿಂತ ದೊಡ್ಡದು ಸಾಮಿಲ್ಲಿನವರ, ಹಲಗೆ ಸೀಳುವವರ ಲೋಕ.

ಬಾರಿನ ಉದ್ದದ ವಿಷಯದಲ್ಲಿ ಬಹಳ ಮಂದಿ ದಾರಿ ತಪ್ಪುತ್ತಾರೆ. ಬಾರ್ ಉದ್ದವಾದರೆ ಮಿಷನ್ ದೊಡ್ಡದಾಯಿತು ಎಂಬ ಭಾವನೆ ಇದೆ. ಅಗ್ಗದ 58 ಸಿ.ಸಿ. ಮಿಷನ್‌ಗೆ 22 ಇಂಚಿನ ಬಾರ್ ಹಾಕಿ ಮಾರುವುದು ಇದೇ ಭಾವನೆಯ ಮೇಲೆ. ಉದ್ದ ಬಾರ್ ಎಂದರೆ ಉದ್ದ ಚೈನ್, ಹೆಚ್ಚು ಉಜ್ಜಾಟ, ಅರ ಹಾಕಬೇಕಾದ ಹೆಚ್ಚು ಹಲ್ಲು, ನೆಲಕ್ಕೆ ತಾಗುವ ಹೆಚ್ಚು ತುದಿ. ಮೂವತ್ತು ಸಿ.ಸಿ.ಗೆ 12–14 ಇಂಚು, ನಲವತ್ತೈದು–ಐವತ್ತಕ್ಕೆ 16, ಬೇಕಾದರೆ 18, ಅರವತ್ತಕ್ಕೆ 20 ಇರಲಿ. ಹದಿನಾರು ಇಂಚಿನ ಬಾರಿನಿಂದ ಇಪ್ಪತ್ತೆಂಟು ಇಂಚಿನ ದಿಮ್ಮಿಯನ್ನು ಎರಡೂ ಕಡೆಯಿಂದ ಬಂದು ತುಂಡು ಮಾಡಬಹುದು. ಈಗ ಉದ್ದದ ಬಾರ್ ಹಾಕಿ ಒದ್ದಾಡುತ್ತಿರುವವರು, ಮಿಷನ್ ಬದಲಿಸುವ ಮೊದಲು ಎರಡಿಂಚು ಗಿಡ್ಡ ಬಾರ್ ಹಾಕಿ ನೋಡಲಿ. ಹೊಸ ಮಿಷನ್ ಸಿಕ್ಕಷ್ಟು ವ್ಯತ್ಯಾಸ ಕಂಡರೂ ಕಾಣಬಹುದು.

ಬಾರ್, ಚೈನ್ ಬದಲಿಸುವಾಗ ಮೂರು ಸಂಖ್ಯೆ ಹೊಂದಬೇಕು: ಪಿಚ್, ಗೇಜ್, ಕೆಳಗಿನ ಡ್ರೈವ್ ಲಿಂಕುಗಳ ಎಣಿಕೆ. ಪಿಚ್ ಎಂದರೆ ಅಕ್ಕಪಕ್ಕದ ಮೂರು ರಿವೆಟ್‌ಗಳ ನಡುವಿನ ದೂರದ ಅರ್ಧ; ಅರದ ಮಾತಿನಲ್ಲಿ ಬಂದ 3/8, .325 ಇದೇ, ಇಂಚಿನ ಲೆಕ್ಕದಲ್ಲಿ. ಗೇಜ್ ಎಂದರೆ ಬಾರಿನ ತೋಡಿನಲ್ಲಿ ಕೂರುವ ಲಿಂಕಿನ ದಪ್ಪ, 1.1, 1.3, 1.5, 1.6 ಮಿಲಿಮೀಟರ್ ಹೀಗೆ. ಮೂರೂ ಸಾಮಾನ್ಯವಾಗಿ ಬಾರಿನ ಬುಡದಲ್ಲಿ ಕೊರೆದಿರುತ್ತವೆ. ಫೋನಿನಲ್ಲಿ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಹಲ್ಲಿನ ಮೂಲೆ ಚೌಕವಾಗಿರುವ ಚೈನ್ ಶುದ್ಧ ಹಸಿಮರದಲ್ಲಿ ವೇಗ. ಮೂಲೆ ದುಂಡಾಗಿರುವುದು ಸ್ವಲ್ಪ ನಿಧಾನ, ಆದರೆ ಮಣ್ಣು, ಒಣಮರ ಎರಡನ್ನೂ ತಾಳುತ್ತದೆ. ಸೌದೆಗೆ ನಾನು ದುಂಡು ಮೂಲೆಯದನ್ನೇ ಹೇಳುತ್ತೇನೆ.

ಕರೆಂಟಿನ ಚೈನ್ ಸಾ ಬಗ್ಗೆಯೂ ಕೇಳುತ್ತಾರೆ. ಎರಡು ಕಿಲೋವ್ಯಾಟಿನ ಕರೆಂಟ್ ಮಿಷನ್ ಮನೆಯಂಗಳದಲ್ಲಿ ಕೊರಡು ತುಂಡು ಮಾಡಲು ಚೆನ್ನ, ಸದ್ದು ಕಡಿಮೆ, ಪೆಟ್ರೋಲಿನ ಗೋಜಿಲ್ಲ. ಹಳ್ಳಿಯ ಕೊನೆಯ ಕಂಬದ ಮನೆಗಳಲ್ಲಿ ವೋಲ್ಟೇಜ್ ಇಳಿದಾಗ ಮೋಟಾರ್ ಕಾಯುತ್ತದೆ, ದಪ್ಪ ತಂತಿ ಬಳಸಬೇಕು. ಒಂದು ಕೈಯಲ್ಲಿ ಹಿಡಿಯುವ ಬ್ಯಾಟರಿಯ ಪುಟ್ಟ ಮಿಷನ್ ಕೊಂಬೆ ಸವರಲು ಮಾತ್ರ.

ಶಕ್ತಿ ಹೆಚ್ಚಾದಂತೆ ಅಪಾಯವೂ ಹೆಚ್ಚುತ್ತದೆ ಎಂಬುದನ್ನು ಮಾರುವವರು ಹೇಳುವುದು ಕಡಿಮೆ, ಆದ್ದರಿಂದ ಇದನ್ನು ನಿಧಾನವಾಗಿ ಓದಿ. ಬಾರಿನ ಮೂಗನ್ನು ಗಡಿಯಾರದ ಮುಖ ಎಂದುಕೊಂಡು ಅದರ ಮೇಲಿನ ಕಾಲುಭಾಗವನ್ನು ಗುರುತಿಸಿ. ಓಡುವ ಚೈನಿನ ಆ ಭಾಗ ಯಾವುದಾದರೂ ಗಟ್ಟಿ ವಸ್ತುವಿಗೆ ತಾಗಿದರೆ ಹಲ್ಲು ಕಚ್ಚಿ ನಿಲ್ಲುತ್ತದೆ, ಎಂಜಿನ್ನಿನ ಶಕ್ತಿಯೆಲ್ಲ ಬಾರನ್ನು ಮೇಲಕ್ಕೆ, ಹಿಡಿದವರ ಮುಖ ಕುತ್ತಿಗೆಯ ಕಡೆಗೆ ಎಸೆಯುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ. ತಡೆಯುತ್ತೇನೆ ಎನ್ನುವಷ್ಟು ವೇಗ ಯಾವ ಮನುಷ್ಯನಿಗೂ ಇಲ್ಲ. ಸೌದೆಯ ರಾಶಿಯಲ್ಲಿ ಇದು ಹೆಚ್ಚು, ಯಾಕೆಂದರೆ ನೀವು ಕೊಯ್ಯುವ ಕೊರಡಿನ ಹಿಂದೆ ಇನ್ನೊಂದು ಕೊರಡು ಕಾಣದೆ ಬಿದ್ದಿರುತ್ತದೆ. ಕೊಯ್ಯುವ ಕೊರಡನ್ನು ರಾಶಿಯಿಂದ ಬೇರೆ ಮಾಡಿ ಇಡಿ. ಎಡಗೈ ಹೆಬ್ಬೆರಳು ಮುಂದಿನ ಹಿಡಿಯ ಸುತ್ತ ಬಿಗಿಯಾಗಿ ಸುತ್ತಿರಲಿ. ತಲೆ, ಕುತ್ತಿಗೆ ಬಾರಿನ ನೇರಕ್ಕೆ ಇರದೆ ಅದರ ಎಡಕ್ಕಿರಲಿ. ಭುಜಕ್ಕಿಂತ ಮೇಲೆ ಮಿಷನ್ ಎತ್ತಬೇಡಿ.

ಮುಂದಿನ ಹಿಡಿಯ ಮುಂದಿರುವ ಕೈರಕ್ಷೆಯೇ ಚೈನ್ ಬ್ರೇಕ್. ಎಗರಿದಾಗ ಅದು ಚೈನನ್ನು ಥಟ್ಟನೆ ನಿಲ್ಲಿಸುತ್ತದೆ. ಅಂಗಡಿಯಲ್ಲೇ ಮಿಷನ್ ಓಡಿಸಿ, ಅದನ್ನು ಮುಂದಕ್ಕೆ ತಳ್ಳಿ ಚೈನ್ ತಕ್ಷಣ ನಿಲ್ಲುವುದನ್ನು ನೋಡಿ. ನಿಲ್ಲದ ಮಿಷನ್ ಬೇಡವೇ ಬೇಡ, ಎಷ್ಟೇ ಅಗ್ಗವಿದ್ದರೂ. ಸ್ಟಾರ್ಟ್ ಮಾಡುವಾಗಲೂ ಬ್ರೇಕ್ ಹಾಕಿ, ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನು ಕಾಲಲ್ಲಿ ಒತ್ತಿ ಹಗ್ಗ ಎಳೆಯಬೇಕು. ಒಂದು ಕೈಯಲ್ಲಿ ಮಿಷನ್ ತೂಗಿಬಿಟ್ಟು ಇನ್ನೊಂದು ಕೈಯಲ್ಲಿ ಎಳೆಯುವ ಚಾಳಿ ದೊಡ್ಡ ಮಿಷನ್ನಿನಲ್ಲಿ ತೊಡೆಗೇ ಬರುತ್ತದೆ.

ಮಿಷನ್ನಿಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಮೈಗೆ ತೆಗೆದಿಡಿ. ಮುಖಜಾಲರಿ, ಕಿವಿಮುಚ್ಚಳ ಇರುವ ಹೆಲ್ಮೆಟ್, ಬೆರಳುತುದಿಗೆ ಉಕ್ಕಿರುವ ಬೂಟು, ಚೈನ್ ತಡೆಯುವ ಪ್ಯಾಂಟು. ಆ ಪ್ಯಾಂಟಿನೊಳಗೆ ಉದ್ದನೆಯ ಗಟ್ಟಿ ನೂಲುಗಳ ಪದರಗಳಿರುತ್ತವೆ. ಚೈನ್ ತಾಗಿದರೆ ನೂಲು ಎಳೆದುಕೊಂಡು ಹೋಗಿ ಸ್ಪ್ರಾಕೆಟ್‌ಗೆ ಸುತ್ತಿ ಮಿಷನ್ನನ್ನೇ ನಿಲ್ಲಿಸುತ್ತದೆ. ನಮ್ಮ ಸೆಕೆಗೆ ಕಷ್ಟ, ನಿಜ. ಬೆಳಗ್ಗೆ ತಂಪು ಹೊತ್ತಿನಲ್ಲಿ ಕೊಯ್ಯಿರಿ, ಬಿಸಿಲೇರಿದ ಮೇಲೆ ಸೀಳುವ, ಪೇರಿಸುವ ಕೆಲಸ ಇಟ್ಟುಕೊಳ್ಳಿ. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಚೈನ್ ಸಾ ಹಿಡಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರ ಮನೆಯವರಾದರೂ ತಡೆಯಲಿ.

ಎರಡು ಮಿಷನ್‌ಗಳ ನಡುವೆ ಆಯ್ಕೆ ಕಷ್ಟವಾದರೆ ನಡುಕದ ಅಂಕಿ ಕೇಳಿ. ಕೈಪಿಡಿಯಲ್ಲಿ ಅದನ್ನು ಮೀಟರ್ ಪ್ರತಿ ಸೆಕೆಂಡ್ ವರ್ಗದಲ್ಲಿ ಬರೆದಿರುತ್ತಾರೆ. ಯುರೋಪಿನ ನಿಯಮದ ಪ್ರಕಾರ ಎಂಟು ಗಂಟೆಯ ಕೆಲಸಕ್ಕೆ 2.5 ದಾಟಿದರೆ ಎಚ್ಚರ ವಹಿಸಬೇಕು, 5 ದಾಟಬಾರದು. ಹೆಚ್ಚು ನಡುಗುವ ಮಿಷನ್ ವರ್ಷಗಟ್ಟಲೆ ಹಿಡಿದವರ ಬೆರಳು ಬಿಳಚಿ, ಮರಗಟ್ಟುತ್ತದೆ. ಅದು ವಾಸಿಯಾಗುವುದು ಕಷ್ಟ.

ಪೆಟ್ರೋಲಿನ ಬಗ್ಗೆ ಈಗ ಹಿಂದಿಗಿಂತ ಹೆಚ್ಚು ಗಮನ ಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು; ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಶೇಕಡ 20 ಎಥನಾಲ್ ಬೆರೆತದ್ದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರು, ಎಥನಾಲ್ ಬೇರೆಯಾಗಿ ತಳದಲ್ಲಿ ನಿಲ್ಲುತ್ತದೆ. ಆ ಪದರದಲ್ಲಿ ಪೆಟ್ರೋಲಿಗೆ ಬೆರೆಸಿದ ಟೂಟಿ ಆಯಿಲ್ ಇರುವುದಿಲ್ಲ. ಎಂಜಿನ್ ಅದನ್ನು ಕುಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಾರ್ಬುರೇಟರಿನ ರಬ್ಬರ್ ಹಾಳೆ, ಪೈಪುಗಳೂ ಗಡುಸಾಗುತ್ತವೆ. ಹೊಸ ಮಿಷನ್ ಕೊಳ್ಳುವಾಗ ಇ20ಗೆ ಹೊಂದುತ್ತದೆಯೇ ಎಂದು ಬರಹದಲ್ಲಿ ನೋಡಿ. ಆ ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿ. ಸೀಸನ್ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವವರೆಗೆ ಓಡಿಸಿ ಇಡಿ. ಆಯಿಲ್ ಅಳತೆ ಅಂದಾಜಿಗೆ ಬಿಡಬೇಡಿ: 50ಕ್ಕೆ 1 ಎಂದರೆ ಲೀಟರಿಗೆ 20 ಎಂ.ಎಲ್., 25ಕ್ಕೆ 1 ಎಂದರೆ 40 ಎಂ.ಎಲ್. ಯಾವುದೆಂದು ಕೈಪಿಡಿ ಹೇಳುತ್ತದೆ. ಬಾರಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಹಾಕುವ ರೂಢಿ ನಮ್ಮಲ್ಲಿದೆ. ಅದರಲ್ಲಿರುವ ಲೋಹದ ಪುಡಿ ಪಂಪನ್ನು ತಿನ್ನುತ್ತದೆ, ನಿಮ್ಮ ಬಟ್ಟೆ, ಚರ್ಮದ ಮೇಲೆ ಸಿಡಿಯುತ್ತದೆ. ಹೊಸ ಆಯಿಲನ್ನೇ ಹಾಕಿ.

ಹಳೆಯ ಮಿಷನ್ ಕೊಳ್ಳುವವರು ಸೈಲೆನ್ಸರ್ ಬಿಚ್ಚಿಸಿ, ಟಾರ್ಚ್ ಹಿಡಿದು ಪಿಸ್ಟನ್ ನೋಡಿ. ಮೇಲೆ ಕೆಳಗೆ ಗೀರು ಕಂಡರೆ ಕೈಬಿಡಿ. ಸ್ಟಾರ್ಟ್ ಮಾಡದೆ ಇರುವಾಗ ಎಳೆಯುವ ಹಗ್ಗದಲ್ಲಿ ಮಿಷನ್ನನ್ನು ತೂಗಿ ನೋಡುವ ಒಂದು ಪರೀಕ್ಷೆ ಮೆಕ್ಯಾನಿಕ್‌ಗಳು ಮಾಡುತ್ತಾರೆ: ಕಂಪ್ರೆಶನ್ ಚೆನ್ನಾಗಿದ್ದರೆ ಮಿಷನ್ ತಡೆದು ತಡೆದು ಇಳಿಯುತ್ತದೆ, ಸರ್ರನೆ ಜಾರಿದರೆ ರಿಂಗು ಹೋಗಿದೆ. ಹೊಸದಾಗಲಿ ಹಳೆಯದಾಗಲಿ, ನಿಮ್ಮ ತಾಲ್ಲೂಕಿನಲ್ಲಿ ಬಿಡಿಭಾಗ, ರಿಪೇರಿ ಸಿಗುವ ಕಂಪನಿಯದೇ ಇರಲಿ. ಇನ್ನೂರು ಗ್ರಾಂ ಹಗುರ ಅಥವಾ ಕಾಲು ಕಿಲೋವ್ಯಾಟ್ ಹೆಚ್ಚು ಎಂಬುದಕ್ಕಿಂತ, ಏಪ್ರಿಲ್ ತಿಂಗಳಲ್ಲಿ ಕ್ಲಚ್ ಹೋದರೆ ಎರಡು ದಿನದಲ್ಲಿ ಸಿಗುತ್ತದೆಯೇ ಎಂಬುದು ಮುಖ್ಯ.

ಮಿಷನ್ ದೊಡ್ಡದಾದಾಗ ಮರದ ಆಸೆಯೂ ದೊಡ್ಡದಾಗುತ್ತದೆ. ಸ್ವಂತ ಜಮೀನಿನ ಮರಕ್ಕೂ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿ, ರಬ್ಬರ್, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಬೇರೆ ಮರವಾದರೆ ಕಡಿಯುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ. ಬೀಟೆ, ಗಂಧದ ಬಳಿಗಂತೂ ಹೋಗಲೇಬೇಡಿ.

ಕೊನೆಗೆ ಹೊಸ ಮಿಷನ್ ಮನೆಗೆ ಬಂದ ದಿನ. ಹೊಸ ಚೈನ್ ಮೊದಲ ಅರ್ಧ ಗಂಟೆಯಲ್ಲೇ ಹಿಗ್ಗುತ್ತದೆ. ನಾಲ್ಕೈದು ಕೊಯ್ತಕ್ಕೊಮ್ಮೆ ನಿಲ್ಲಿಸಿ, ತಣಿದ ಮೇಲೆ ಬಿಗಿ ನೋಡಿ. ಬಾರಿನ ಕೆಳಗೆ ಜೋತು ಬೀಳಬಾರದು, ಕೈಗವಸು ಹಾಕಿದ ಬೆರಳಲ್ಲಿ ಎಳೆದರೆ ಸಲೀಸಾಗಿ ಸುತ್ತಬೇಕು. ಬಿಸಿಯಾಗಿದ್ದಾಗ ಬಿಗಿ ಮಾಡಿದರೆ, ಕೆಲಸ ಮುಗಿದ ಕೂಡಲೇ ಸಡಿಲಿಸಿ. ಇಲ್ಲದಿದ್ದರೆ ರಾತ್ರಿ ತಣಿದು ಕುಗ್ಗಿ ಬೇರಿಂಗನ್ನು ಜಗ್ಗುತ್ತದೆ. ತುದಿಯನ್ನು ತಿಳಿಬಣ್ಣದ ಕೊರಡಿನ ಹತ್ತಿರ ಹಿಡಿದು ಥ್ರಾಟಲ್ ಕೊಟ್ಟರೆ ಆಯಿಲಿನ ತೆಳು ಗೆರೆ ಅದರ ಮೇಲೆ ಬೀಳಬೇಕು. ಬೀಳದಿದ್ದರೆ ಆಯಿಲ್ ಬರುತ್ತಿಲ್ಲ, ಕೊಯ್ಯಬೇಡಿ. ಮೊದಲ ಕೆಲವು ಟ್ಯಾಂಕ್ ಮುಗಿಯುವವರೆಗೆ ಮರ ಕಚ್ಚದೆ ಪೂರ್ತಿ ಥ್ರಾಟಲ್ ಕೊಡಬೇಡಿ, ಆರಿಂಚು ಎಂಟಿಂಚಿನ ಕೊಂಬೆಗಳನ್ನೇ ಕೊಯ್ಯಿರಿ. ಮಿಷನ್ನೂ ಹದಕ್ಕೆ ಬರುತ್ತದೆ, ಅದರ ತೂಕ ಮತ್ತು ಜಗ್ಗುವ ಬಗೆ ನಿಮ್ಮ ಕೈಗೂ ಗೊತ್ತಾಗುತ್ತದೆ. ಬೊಡ್ಡೆಗಳನ್ನು ಮುಂದಿನ ವಾರಕ್ಕಿಡಿ.